ಕುತ್ತಿಗೆಯಲ್ಲೊಂದು ಕಣ್ಣು

೬ ಮಾರ್ಚ್ ೨೦೧೬, ಭಾನುವಾರ

ಮತ್ತೆ ರೆಪ್ಪೆ ಕೆಟ್ಟಿತು. ಎಷ್ಟು ಸಣ್ಣ ಬ್ರಷ್ ಹಿಡಿದರೂ ಸೂರಜನ ರೆಪ್ಪೆ ಪೊರಕೆಯ ಹಾಗೆ ಬರುತ್ತದೆ. ಮೈಸೂರಿನಲ್ಲಿ ಚಿತ್ರ ಕಲಿಸಿದ ಪಟ್ಟಾಭಿರಾಮ ಮೇಷ್ಟ್ರು ಹೇಳುತ್ತಿದ್ದರು — ದೇವರ ಪಟದಲ್ಲಿ ಕಣ್ಣು ಕೊನೆಗೆ ಬರೆಯಬೇಕು. ಇಲ್ಲಿ ಕಣ್ಣು ಬಿಟ್ಟರೆ ಬೇರೇನೂ ಇಲ್ಲ. ಎಲ್ಲಿಂದ ಶುರು ಮಾಡಲಿ ಮೇಷ್ಟ್ರೇ?

ನೆಟ್‌ನಲ್ಲಿ ನೋಡಿ ಹತ್ತಿದ ಹುಚ್ಚು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಪ್ರೇಮಿಗಳು ಒಬ್ಬರ ಕಣ್ಣನ್ನು ಇನ್ನೊಬ್ಬರು ಉಗುರಿನಷ್ಟಗಲ ಬರೆಸಿ ಒಡವೆ ಮಾಡಿಸಿಕೊಳ್ಳುತ್ತಿದ್ದರಂತೆ. ಮುಖ ಇಲ್ಲ, ಬರೀ ಒಂದು ಕಣ್ಣು. ಯಾರದೆಂದು ಜನಕ್ಕೆ ತಿಳಿಯಬಾರದು. ನನಗೂ ಸೂರಜನಿಗೂ ಹೇಳಿ ಮಾಡಿಸಿದ ಹಾಗಿದೆ. ನಮ್ಮಮ್ಮನಿಗೆ ನಮ್ಮಿಬ್ಬರ ವಿಷಯ ನಾನು ಹೇಳಿ ಆಯಿತು. ಒಂದು ವಾರ ಮಾತು ಬಿಟ್ಟರು, ಈಗ ಅವನ ಬರ್ತ್‌ಡೇ ಯಾವಾಗ ಅಂತ ಕೇಳುತ್ತಾರೆ. ಗದಗಿನ ತನ್ನ ಅವ್ವನಿಗೆ ಹೇಳಲು ಮಾತ್ರ ಈ ಮಹಾಶಯ ಎರಡು ವರ್ಷದಿಂದ ‘ಒಳ್ಳೆ ಟೈಮ್’ ಹುಡುಕುತ್ತಿದ್ದಾನೆ.

ಎದುರಿಗೆ ಕೂರಿಸಿದರೆ ನಗುತ್ತಾನೆ. ಅದಕ್ಕೇ ಸೆಲ್ಫಿ ಕಳಿಸಿದ್ದಾನೆ. ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

೧೪ ಮಾರ್ಚ್

ಮುಗಿಯಿತು! ಹುಬ್ಬಿನ ಕೆಳಗಿನ ಹಳೇ ಗಾಯದ ಗೆರೆಯೂ ಸರಿಯಾಗಿ ಬಂದಿದೆ. ಬೆಳ್ಳಿ ಲಾಕೆಟ್‌ನಲ್ಲಿ ಕೂರಿಸಿ ಒನ್-ನಾರ್ತ್‌ನ ಆಫೀಸಿಗೆ ಹಾಕಿಕೊಂಡು ಹೋದೆ. ಮೀಟಿಂಗ್ ಪೂರ್ತಿ ಅವನು ಎದೆಯ ಮೇಲೆ ಕೂತು ಎಲ್ಲರನ್ನೂ ನೋಡುತ್ತಿದ್ದ. ಬಹಳ ಖುಷಿ.

ಸಂಜೆ ಲಿಫ್ಟಿನಲ್ಲಿ ಮೇಲಿನ ಮನೆಯ ಮೈಥಿಲಿ ಆಂಟಿ ಕೈಯಲ್ಲಿ ಹಿಡಿದು ನೋಡಿದರು.

“ದೃಷ್ಟಿಗೇನಮ್ಮಾ ಇದು? ನಮ್ಮ ಮೊಮ್ಮಗಳಿಗೂ ಒಂದು ಮಾಡ್ಕೊಡು. ಇದೇ ಕಣ್ಣು ಇರ್ಲಿ, ತುಂಬಾ ಪವರ್‌ಫುಲ್ ಆಗಿದೆ.”

ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ.

೨೯ ಮಾರ್ಚ್

ಆಂಟಿ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿಬಿಟ್ಟಿದ್ದಾರೆ. ಎಲ್ಲರಿಗೂ ದೃಷ್ಟಿಯ ಕಣ್ಣು ಬೇಕಂತೆ. ಸೂರಜ ಗಾಬರಿಯಾಗಿ ಫೋನ್ ಮಾಡಿದ.

“ವರ್ಷಾ, ನಿಮ್ಮ ಬುಕಿತ್ ಬಾಟೋಕ್ ಏರಿಯಾದ ಮಕ್ಕಳ ಕತ್ತಲ್ಲೆಲ್ಲ ನನ್ನ ಕಣ್ಣು ನೇತಾಡೋದು ಬೇಡ, ಪ್ಲೀಸ್!”

ಆಂಟಿಗೆ ಉಪಾಯವಾಗಿ ಹೇಳಿದೆ — ಮೊಮ್ಮಗಳಿಗೆ ಅಜ್ಜಿಯ ಕಣ್ಣೇ ಕಾವಲಿರಲಿ, ನೀವೇ ಬಂದು ಕೂತುಕೊಳ್ಳಿ. ಕರಗಿಹೋದರು.

ಇನ್ನೊಂದು ಸುದ್ದಿ. ಸೂರಜನ ಅವ್ವ ಒಂದು ತಿಂಗಳಿಗೆ ಬರುತ್ತಿದ್ದಾರೆ. ಯುಗಾದಿ ಆದ ಮೇಲೆ ಹೇಳಿಯೇ ತೀರುತ್ತಾನಂತೆ. ನೋಡೋಣ. ಆಡಿದಷ್ಟು ಸುಲಭವೇ ಮಾಡುವುದು?

೯ ಏಪ್ರಿಲ್, ಶನಿವಾರ



ನಮ್ಮ ಬ್ಲಾಕಿನ ಕೆಳಗಿನ ತೆರೆದ ಹಜಾರದಲ್ಲಿ (void deck) ನಿನ್ನೆಯ ಯುಗಾದಿಯ ಕೂಟ ಇವತ್ತು. ಸೂರಜ ಅವ್ವನನ್ನು ಕರೆತಂದಿದ್ದ. ಗುರುಸಿದ್ದವ್ವ. ಇಳಕಲ್ ಸೀರೆ, ನೆಟ್ಟ ನೋಟ. ನನ್ನನ್ನು ‘ಫ್ರೆಂಡ್’ ಎಂದು ಪರಿಚಯಿಸಿ ಕುರ್ಚಿ ಜೋಡಿಸಲು ಓಡಿಹೋದ, ಹೇಡಿ. ನಾನು ಬೇವು-ಬೆಲ್ಲ ಕೊಡಲು ಬಗ್ಗಿದೆ. ಲಾಕೆಟ್ ಅವರ ಮೂಗಿನ ಮುಂದೆ ತೂಗಿತು. ಹಿಡಿದುಕೊಂಡರು.

“ಅದು ದೃಷ್ಟಿಗೆ ಆಂಟಿ,” ಅಂದೆ.

“ಯಾರ ದೃಷ್ಟಿಗವಾ? ಇದು ನಮ್ಮ ಸೂರಜನ ಕಣ್ಣು.”



“ಮೂರು ವರ್ಷದಾವ ಇದ್ದಾಗ ಕಟ್ಟಿ ಮ್ಯಾಲಿಂದ ಬಿದ್ದ. ಈ ಗಾಯಕ್ಕ ಅರಿಶಿಣ ಒತ್ತಿದಾಕಿ ನಾ. ಆದ್ರ ಗಾಯ ಇರೋದು ಎಡಗಣ್ಣಿಗೆ. ನೀ ಬಲಗಣ್ಣು ಬರದೀಯಲ್ಲ!”

ಸೆಲ್ಫಿ! ಕನ್ನಡಿಯ ಹಾಗೆ ಎಡ-ಬಲ ತಿರುಗಿದೆ. ಎರಡು ವರ್ಷ ಆ ಮುಖ ನೋಡಿದವಳಿಗೆ ಹೊಳೆಯಲಿಲ್ಲ.

“ಫೋಟೊ ನೋಡಿ ಬರದ್ರ ಹಿಂಗs ಆಗತೈತಿ,” ಅಂದರು. ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡರು. ಎದ್ದು ಹೋಗಿ ಮೈಥಿಲಿ ಆಂಟಿಯ ಪಕ್ಕ ಕೂತರು.

೧೦ ಏಪ್ರಿಲ್

ಸೂರಜನ ಮೆಸೇಜ್ ಇಲ್ಲ. ಅವನ ಅವ್ವ ಬೇಡ ಅಂದರೆ? ಭಯವಾಗುತ್ತಿದೆ. ಲಾಕೆಟ್ ಬಿಚ್ಚಿಟ್ಟೆ… ಮತ್ತೆ ಹಾಕಿಕೊಂಡೆ.

೧೩ ಏಪ್ರಿಲ್

ಕೊನೆಗೂ ಫೋನ್. ಅವನು ಎಲ್ಲವನ್ನೂ ಹೇಳಿದನಂತೆ. ಅವ್ವ ಮೂರು ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇವತ್ತು ಜುರಾಂಗ್ ವೆಸ್ಟ್‌ನ ಅವನ ಮನೆಗೆ ವಾಪಸ್ ಹೋಗುವಾಗ MRT ರೈಲಿನಲ್ಲಿ ಒಂದೇ ಪ್ರಶ್ನೆ: “ಆ ಹುಡುಗಿ ಮನ್ಯಾಗ ರವಿವಾರ ಇರ್ತಾಳೇನು?”

ಯಾಕಂತೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ!

೧೭ ಏಪ್ರಿಲ್, ಭಾನುವಾರ, ಬೆಳಗ್ಗೆ

ಬಣ್ಣದ ಮೊದಲ ಕೋಟ್ ಒಣಗಬೇಕು. ಅಷ್ಟರಲ್ಲಿ ಬರೆದುಬಿಡುತ್ತೇನೆ.

ಗುರುಸಿದ್ದವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದರು. ಬಂದವರೇ ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂತರು.

“ನನ್ನ ಕಣ್ಣು ಬರಿ. ನಮ್ಮ ಮನಿಯವ್ರಿಗೆ. ಅವ್ರಿಗೆ ಪೇಪರಿನಿಂದ ಕಣ್ಣು ಎತ್ತಿ ನನ್ನ ನೋಡಾಕ ಪುರಸೊತ್ತಿಲ್ಲ. ಅಂಗಿ ಕಿಸೇದಾಗ ಇಡ್ತೀನಿ, ಅವ್ರನ್ನ ನಾನs ನೋಡ್ಕೊಂಡು ಕೂಡ್ತೀನಿ.”

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಅದೇ ಕಣ್ಣು, ಸೂರಜನದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ಎದ್ದುಹೋಗಿ ನನ್ನ ಕಿಚನ್‌ನಲ್ಲಿ ಡಬ್ಬಗಳನ್ನು ಸರಿಸಿ ಇಡುತ್ತಿದ್ದಾರೆ. ಈಗ ಕೂಗಿದರು, ಒಣಗಿತೇನು ಅಂತ. “ಎರಡು ನಿಮಿಷ, ಆಂಟಿ,” ಅಂದೆ.

“ಆಂಟಿ ನಿಮ್ಮ ಲಿಫ್ಟಿನಾಗ ಸಿಗ್ತಾರ. ನನಗ ಅತ್ತಿ ಅನ್ನು.”

ರೆಪ್ಪೆ ಎಳೆಯುವುದು ಬಾಕಿ ಇದೆ. “ಒಣಗಿತು, ಬನ್ನಿ ಅತ್ತೆ,” ಅಂದೆ.