ಲ್ಯಾಮಿನೇಷನ್ ಮಾಡಿಸಿದ ಪದವಿ

ಹರಿಹರ,
ಗುರುವಾರ

ಪ್ರೀತಿಯ ಅಪ್ಪಾಜಿ,

ಫೋನ್ ಮಾಡಿದರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನೀವಿರುವ ಆವರಗೆರೆ ಇಲ್ಲೇ ದಾವಣಗೆರೆ ಪಕ್ಕದಲ್ಲೇ ಇದ್ದರೂ ಈಗ ನಿಮ್ಮ ಮುಖ ನೋಡಿದರೆ ಬೈಯುವುದಕ್ಕೂ ಆಗುವುದಿಲ್ಲ, ಬೈಯದೆ ಇರುವುದಕ್ಕೂ ಆಗುವುದಿಲ್ಲ.

ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿ ನನ್ನ ಎಂ.ಎ. ಸರ್ಟಿಫಿಕೇಟನ್ನು ವಾಪಸ್ ಕೊಟ್ಟರು. ವಿಯೆಟ್ನಾಂ ಶಾಲೆ ನನಗೆ ಇಂಗ್ಲಿಷ್ ಟೀಚರ್ ಕೆಲಸ ಕೊಟ್ಟಿರುವುದು ನಿಜ. ಆದರೆ ವರ್ಕ್ ಪರ್ಮಿಟ್ ಸಿಗಬೇಕಾದರೆ ಆ ಸರ್ಟಿಫಿಕೇಟಿನ ಹಿಂಬದಿಗೆ ಮೊದಲು ನಮ್ಮ ಸರ್ಕಾರದ ಮುದ್ರೆ ಬೀಳಬೇಕು, ಆಮೇಲೆ ಅವರ ರಾಯಭಾರ ಕಚೇರಿಯದು. ಪರ್ಮಿಟ್ ಆದಮೇಲೆ ವೀಸಾ. ನೀವು ನೋಡಿದರೆ ಎರಡೂ ಬದಿಗೆ ಪ್ಲಾಸ್ಟಿಕ್ ಅಂಟಿಸಿ ಲ್ಯಾಮಿನೇಷನ್ ಮಾಡಿಸಿದ್ದೀರಿ! ಮುದ್ರೆ ಎಲ್ಲಿ ಒತ್ತಲಿ ಅಂತ ಗುಮಾಸ್ತರು ನನ್ನನ್ನೇ ಕೇಳಿದರು.

ಪೊಲೀಸ್ ಪತ್ರಕ್ಕೆ ನಾಲ್ಕು ಸಲ ಠಾಣೆ ಮೆಟ್ಟಿಲು ಹತ್ತಿದೆ. ಎಕ್ಸ್‌ರೇ ತೆಗೆಸಿದೆ. ನಿಮ್ಮ ಮಾತೃಭಾಷೆ ಇಂಗ್ಲಿಷ್ ಅಲ್ಲವಲ್ಲ ಎಂದವರಿಗೆ ಇನ್ನೊಂದು ಪರೀಕ್ಷೆ ಬರೆದು ತೋರಿಸಿದೆ. ಇಷ್ಟೆಲ್ಲ ದಾಟಿ ಬಂದು ನಿಮ್ಮ ಪ್ಲಾಸ್ಟಿಕ್ಕಿಗೆ ಸಿಕ್ಕಿಹಾಕಿಕೊಂಡೆ. ನೀವು ಮಾಡಿಸಿದ ಖಾಜಾ ಹುಸೇನರ ಅಂಗಡಿಗೇ ಹೋದೆ. "ಹಾಕೋದಷ್ಟೇ ನಮ್ ಕೆಲ್ಸ ಮೇಡಂ, ತೆಗೆಯಾಕೆ ಬರಲ್ಲ" ಅಂದರು. ಮೂಲೆ ಸ್ವಲ್ಪ ಎತ್ತಿದ್ದಕ್ಕೆ ಕಾಗದವೂ ಜೊತೆಗೇ ಎದ್ದು ಬಂತು.

ಅದರ ಮೇಲೆ ನಿಮ್ಮ ಸಲಹೆ ಬೇರೆ: "ಟೂರಿಸ್ಟ್ ವೀಸಾ ಮ್ಯಾಲೆ ಹೋಗವ್ವ, ಆಮ್ಯಾಲೆ ನೋಡ್ಕಂಡ್ರಾತು." ಏನು ನೋಡಿಕೊಳ್ಳುವುದು? ಸಿಕ್ಕಿಬಿದ್ದರೆ ದಂಡ ಹಾಕಿ ವಾಪಸ್ ಅಟ್ಟುತ್ತಾರೆ. ಮಕ್ಕಳಿಗೆ ಪಾಠ ಹೇಳುವವಳು ಕದ್ದುಮುಚ್ಚಿ ಕೆಲಸ ಮಾಡಬೇಕಾ?

ಯಾಕೆ ಮಾಡಿಸಿದಿರಿ ಅಂತ ಅವತ್ತೇ ಕೇಳಿದ್ದೆ. "ಇಲ್ಲೇ ಕರೂರಿಗೆ, ನಮ್ ಕಾರ್ಖಾನೆಗೆ ಒಯ್ದು ತೋರಿಸಬೇಕಿತ್ತು. ಎಲ್ರ ಕೈಯಾಗೂ ಎಣ್ಣೆ ಇರ್ತೈತೆ. ಮುಟ್ಟಬ್ಯಾಡ್ರಿ ಅಂತ ಹೆಂಗೆ ಹೇಳ್ಲಿ?" ಅಂದಿರಿ. ಆ ಮಾತು ನೆನಪಾದರೆ ಸಿಟ್ಟು ಪೂರ್ತಿ ಬರುವುದೂ ಇಲ್ಲ. ಅದಕ್ಕೂ ನಿಮ್ಮ ಮೇಲೇ ಸಿಟ್ಟು.

ಹಳೆಯದನ್ನು ಒಪ್ಪಿಸಿದರೆ ಮಾತ್ರ ವಿಶ್ವವಿದ್ಯಾಲಯ ಹೊಸದು ಕೊಡುತ್ತದಂತೆ, ಅದೂ ಎರಡು ತಿಂಗಳಾದ ಮೇಲೆ. ಶಾಲೆಯವರು ಮೂರು ತಿಂಗಳು ಕಾಯುತ್ತಾರೆ, ಅದರಾಚೆ ಇಲ್ಲ. ಸೋಮವಾರ ಒಪ್ಪಿಸಲೇಬೇಕು. ದಿನಾ ದಾವಣಗೆರೆಗೆ ಓಡಾಡುವ ಲತಕ್ಕನ ಕೈಲಿ ಈ ಪತ್ರದ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ಶನಿವಾರ ಕಾರ್ಖಾನೆಗೆ ಒಯ್ದು ಇನ್ನೊಂದು ಸಲ ಎಲ್ಲರ ಕೈಗೂ ಕೊಡಿ. ಭಾನುವಾರ ಬಂದು ತೆಗೆದುಕೊಂಡು ಹೋಗುತ್ತೇನೆ.

ಲ್ಯಾಮಿನೇಷನ್ ಮಾಡಿಸಲೇಬೇಕು ಅನ್ನಿಸಿದರೆ ಈ ಪತ್ರಕ್ಕೆ ಮಾಡಿಸಿಕೊಳ್ಳಿ. ಇದರ ಹಿಂದೆ ಯಾರೂ ಮುದ್ರೆ ಒತ್ತಬೇಕಾಗಿಲ್ಲ.

ಮಷೀನ್ ಹತ್ತಿರ ಕೈ ಜೋಪಾನ.

ಸಿಟ್ಟು ಇನ್ನೂ ಇಳಿಯದ ನಿಮ್ಮ ಮಗಳು,
ಅಂಬಿಕಾ