ಹನ್ನೊಂದು ದಿನದ ಜ್ವರ

ಮೂಡಲಪಾಳ್ಯ, ಜನವರಿ 1956

ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ಕಳೆದ ಗುರುವಾರ ತಾವು ರಾಜಾಜಿನಗರದ ನಮ್ಮ ಮಕ್ಕಳ ಶಾಲೆಗೆ ದಯಮಾಡಿಸಿ, ನನ್ನ ಮಗಳ ಬಗ್ಗೆ ತನಿಖಾ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಹೀಗೆ ಬರೆದು ಹೋದಿರಿ: ‘ಸುಳ್ಳುಗಾತಿ. ಉದ್ಧಟೆ. ಚಿತ್ತ ಸ್ಥಿಮಿತದಲ್ಲಿಲ್ಲ. ಲೋವರ್ ಸೆಕೆಂಡರಿ ಪರೀಕ್ಷೆಗೆ ಕಳುಹಿಸತಕ್ಕದ್ದಲ್ಲ.’ ಕಾಲು ಗಂಟೆಯಲ್ಲಿ ಹದಿಮೂರು ವರ್ಷದ ಹುಡುಗಿಯ ಚಿತ್ತವನ್ನೆಲ್ಲ ಅಳೆದು ಮುಗಿಸಿದಿರಿ. ಹೆತ್ತವರಿಗೆ ಇನ್ನೂ ಅದರ ತಲೆಬುಡ ತಿಳಿದಿಲ್ಲ. ಆ ಬರಹವನ್ನು ತಾವೇ ಹೊಡೆದುಹಾಕಬೇಕೆಂದು ಪತ್ರಿಕೆಯ ಮೂಲಕ, ಎಲ್ಲರೆದುರು ಕೇಳಲು ಈ ಪತ್ರ.

ನಾನು ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದಡಿ ಕೂತು ಹದಿನೆಂಟು ವರ್ಷದಿಂದ ಜನರ ಅರ್ಜಿ ಬರೆಯುವವನು. ಎಮ್ಮೆ ಕಳೆದುಹೋದವರಿಗೆ, ಗಂಡ ಕಳೆದುಹೋದವರಿಗೆ, ಹೊಸ ಬಡಾವಣೆಗೆ ಹೊಲ ಬಿಟ್ಟುಕೊಟ್ಟವರಿಗೆ ಬರೆದಿದ್ದೇನೆ. ಯಾವ ಸಂಕಟಕ್ಕೆ ಯಾವ ಪದ ಎಂಬುದು ನನಗೆ ಬಾಯಿಪಾಠ. ಅಂಥವನು ಮಗಳ ರಜಾ ಚೀಟಿ ಬರೆಯಲು ಕೂತು ಬೆವತುಬಿಟ್ಟೆ. ಏಕೆಂದರೆ ಅವಳು ದೊಡ್ಡವಳಾಗಿದ್ದಳು.

ಊರಿಗೆಲ್ಲ ಗೊತ್ತಿದ್ದ ಸಂಗತಿ, ಸ್ವಾಮಿ. ಅವಳ ಸೋದರಮಾವ ಕೆಂಪಯ್ಯ ಅಂಗಳದಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿ ಅವಳನ್ನು ಕೂರಿಸಿದ. ಹೆಂಗಸರು ಆರತಿ ಎತ್ತಿ ಮಾಗಡಿ ರಸ್ತೆಯವರೆಗೂ ಕೇಳುವ ಹಾಗೆ ಹಾಡಿದರು. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ತಿನ್ನಿಸಿ ತಿನ್ನಿಸಿ ಕೆನ್ನೆ ಉಬ್ಬಿಸಿದರು. ಆದರೆ ಅಪ್ಪನಾದವನು ಹೆಡ್‌ಮಾಸ್ಟರಿಗೆ ಅದನ್ನು ಬರೆದು ತಿಳಿಸುವುದುಂಟೇ? ನಮ್ಮ ಸೀಮೆಯಲ್ಲಿ ಗುಡ್ಲು ಸೇರಿದ ಹುಡುಗಿಯರೆಲ್ಲ ಶಾಲೆಯ ಲೆಕ್ಕದಲ್ಲಿ ಜ್ವರ ಬಂದು ಮಲಗಿದವರೇ. ಬರೀ ಜ್ವರ ಹನ್ನೊಂದು ದಿನಕ್ಕೆ ಸಾಲದೆಂದು ನಾನು ‘ವಿಷಮಜ್ವರ’ ಎಂದು ಬರೆದೆ. ವೃತ್ತಿಯ ಚಾಳಿ, ಏನು ಮಾಡುವುದು.

ಅವಳು ಶಾಲೆಗೆ ಮರಳಿದ ದಿನವೇ ತಮ್ಮ ಸವಾರಿ ಬಂತು. ಹೊಸ ಲಂಗ, ಮುಡಿ ತುಂಬ ಕನಕಾಂಬರ, ಕೆನ್ನೆಯಲ್ಲಿ ಇನ್ನೂ ಅರಿಶಿನ. ತಾವು ಚೀಟಿ ಓದಿದಿರಿ, ಅವಳ ಮುಖ ನೋಡಿದಿರಿ. “ವಿಷಮಜ್ವರವೋ, ಮದುವೆ ಊಟವೋ? ಏನಾಗಿತ್ತು, ಎಲ್ಲರಿಗೂ ಕೇಳೋ ಹಾಗೆ ಹೇಳಮ್ಮ” ಎಂದಿರಿ. ನಲವತ್ತು ಮಕ್ಕಳು, ಅರ್ಧ ಗಂಡುಹುಡುಗರು. ಪಕ್ಕದಲ್ಲಿದ್ದ ವಿಮಲಮ್ಮ ಟೀಚರಿಗೆ ವಿಷಯ ಗೊತ್ತಿತ್ತು, ಪಾಪ, ಅವರು ನೆಲ ನೋಡಿದರು. ಮಗಳು ಹೆದರಿ ಕಿಸಕ್ಕನೆ ನಕ್ಕಳು. “ನಗ್ತೀಯಾ?” ಎಂದು ಗದರಿದಿರಿ. ಗೊಳೋ ಎಂದು ಅತ್ತಳು. ಮತ್ತೆ ಕೇಳಿದಾಗ “ಅದು ನಿಮಗ್ಯಾಕೆ ಬೇಕು?” ಎಂದು ಪುಸ್ತಕ ನೆಲಕ್ಕೆ ಬಡಿದು ಹೊರಗೆ ಹೋದಳು. ಮೂರು ನಿಮಿಷದಲ್ಲಿ ನಗು, ಅಳು, ಸಿಟ್ಟು. ತಮಗೆ ಅದು ಅಸ್ಥಿರ ಚಿತ್ತ. ನಮ್ಮ ಮನೆಯಲ್ಲಿ ಆರು ತಿಂಗಳಿಂದ ದಿನಾ ಬೆಳಿಗ್ಗೆ ನಡೆಯುವುದೇ ಅದು.

ಮೊನ್ನೆ ಅವರಮ್ಮ ಲಿಂಗಮ್ಮ ಸುಮ್ಮನೆ ಅವಳತ್ತ ನೋಡಿದಳು. “ಯಾಕಮ್ಮ ಹಂಗೆ ಬೈಯೋ ಥರ ನೋಡ್ತೀಯ?” ಎಂದು ಮಗಳು ತಟ್ಟೆ ಬಿಟ್ಟು ಎದ್ದಳು. ಮರುಗಳಿಗೆ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ನಾನು ಕಾರಣ ಕೇಳಿದ್ದಕ್ಕೆ ಅವಳು ಹೇಳಿದ್ದು: “ನಂಗೇ ಗೊತ್ತಿಲ್ಲ ಕಣಪ್ಪ. ಅಳು ಬಂದ್ಮೇಲೆ ಯಾಕೆ ಅಂತ ಹುಡುಕ್ತೀನಿ.” ಇಷ್ಟು ನೇರವಾದ ಹೇಳಿಕೆಯನ್ನು ಹದಿನೆಂಟು ವರ್ಷದಲ್ಲಿ ಯಾವ ಅರ್ಜಿದಾರನೂ ನನಗೆ ಕೊಟ್ಟಿಲ್ಲ. ಮೈ ಮುಂದೆ ಓಡಿದೆ, ಮನಸ್ಸು ಏದುಸಿರು ಬಿಡುತ್ತಾ ಹಿಂದೆ ಬರುತ್ತಿದೆ. ಇದು ಯಾವ ಕಾನೂನಿನ ಪ್ರಕಾರ ಅಪರಾಧ? ತಮ್ಮ ಗಂಟಲೂ ಒಂದು ಕಾಲಕ್ಕೆ ಒಡೆದು ಕೋಳಿಯ ಹಾಗೆ ಕೂಗಿರಬೇಕಲ್ಲ? ಆಗ ತಾವು ಬಾಗಿಲು ಒದೆಯಲಿಲ್ಲವೇ? ಅಥವಾ ತಾವು ಮೀಸೆ, ರುಮಾಲು, ಕೆಂಪು ಮಸಿ ಸಮೇತವೇ ಹುಟ್ಟಿದಿರೋ?

ತಾವು ಬರೆದದ್ದನ್ನು ಬೇರೆಯವರು ಮರೆತಾರು, ನನ್ನ ತಾಯಿ ಪಾಪಮ್ಮ ಮರೆಯುವವಳಲ್ಲ. ತಮ್ಮ ಬರಹದ ಸುದ್ದಿ ಕೇಳಿ ಅವಳಿಗೆ ಹಾಲು ಕುಡಿದಷ್ಟು ಸಂತೋಷ. “ದೊಡ್ಡೋರೇ ಬ್ಯಾಡ ಅಂದ್ಮೇಲೆ ಓದು ಸಾಕು. ಗುಡ್ಲು ಹಾಕ್ದೋನೇ ತಾಳೀನೂ ಕಟ್ಲಿ” ಎನ್ನುತ್ತಾಳೆ. ಕೆಂಪಯ್ಯನಿಗೆ ಇಪ್ಪತ್ತೆಂಟು, ಒಳ್ಳೆಯವನೇ. ಮಗಳು ಅವನಿಗೆ ಇವತ್ತಿಗೂ ಗೋಲಿಯಲ್ಲಿ ಮೋಸ ಮಾಡುತ್ತಾಳೆ. ಪರೀಕ್ಷೆಗೆ ಹೆಸರು ಕಳುಹಿಸಲು ಬರುವ ಸೋಮವಾರ ಕೊನೆಯ ದಿನ. ಅದು ತಪ್ಪಿದರೆ ನನ್ನ ತಾಯಿಯ ಬಾಯಿ ಕಟ್ಟಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಆ ಕಲ್ಪನೆಗೇ ನನಗೆ ಭಯವಾಗುತ್ತದೆ, ಸ್ವಾಮಿ. ಸುಳ್ಳು ಬರೆದವನು ನಾನು, ಅವಳಲ್ಲ.

ಆದ್ದರಿಂದ ತಾವು ಸೋಮವಾರದೊಳಗೆ ಶಾಲೆಗೆ ಬಂದು, ಅದೇ ತರಗತಿಯ ಎದುರು, ಅದೇ ಕೆಂಪು ಮಸಿಯಿಂದ ಆ ಬರಹಕ್ಕೆ ಗೀಟು ಎಳೆಯಬೇಕು. ‘ಸುಳ್ಳುಗಾರ’ ಎಂದು ನನ್ನನ್ನು ಎಷ್ಟು ದಪ್ಪಕ್ಷರದಲ್ಲಿ ಬೇಕಾದರೂ ಬರೆದುಕೊಳ್ಳಿ. ತಿದ್ದಿದ ರಜಾ ಚೀಟಿ ಇದು: ‘ನನ್ನ ಮಗಳು ದೊಡ್ಡವಳಾದ್ದರಿಂದ ಹನ್ನೊಂದು ದಿನ ಶಾಲೆಗೆ ಬರಲಾಗಲಿಲ್ಲ. ಜ್ವರ ಇರಲಿಲ್ಲ.’

ಪತ್ರಿಕೆಗೆ ಕೊಡುವ ಮುಂಚೆ ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ನೀನು ಬೇಡ ಎಂದರೆ ಹರಿದುಹಾಕುತ್ತೇನೆ ಎಂದೆ. ಅವಳು ಸಿಟ್ಟಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತದ್ದೂ ಕೇಳಿಸಿತು, ಮೀಸೆಯ ಮಾತಿಗೆ ನಕ್ಕದ್ದೂ ಕೇಳಿಸಿತು. ಆಮೇಲೆ ಹೊರಗೆ ಬಂದು ಕಾಗದವನ್ನು ತಾನೇ ಮೊದಲಿಂದ ಓದಿದಳು.

“ಉದ್ದಕ್ಕೂ ಮಗಳು, ಮಗಳು ಅಂತ ಬರ್ದಿದ್ದೀಯಲ್ಲಪ್ಪ, ನನ್ ಹೆಸ್ರು ಎಲ್ಲಿ?”

“ನಿನಗೆ ನಾಚಿಕೆ ಆದೀತು ಅಂತ ಬಿಟ್ಟೆ ಕಣಮ್ಮ.”

“ಹಾಕು. ಇಲ್ದಿದ್ರೆ ಇದೂ ಜ್ವರಾನೇ.”

ಅವಳ ಹೆಸರು ಅಂಬುಜಾ.

ಇಂತಿ,
ಅಂಬುಜಾಳ ಅಪ್ಪ, ಹನ್ನೊಂದು ದಿನದ ಜ್ವರವನ್ನು ಒಬ್ಬನೇ ಬರಿಸಿದವನು,
ಅರ್ಜಿ ಬರೆಯುವ ಬೈರಯ್ಯ