ಊರು ‘ಹೂಂ’ ಅಂದ ಶಾಲೆ

ಎರಿಹೊಸೂರು, ಇಸವಿ ಎರಡು ಸಾವಿರದ ನೂರ ಎಂಬತ್ತಮೂರು, ಉರಿತಿಂಗಳ ಒಂಬತ್ತನೆಯ ದಿನ

ನಮ್ಮ ಮುತ್ತಜ್ಜಂದಿರಿಗೂ ಮುತ್ತಜ್ಜಂದಿರಾದ ಹಿರಿಯರಿಗೆ,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮವ್ವ ಫಕೀರವ್ವ. ಹೇಳಿದ್ದು ಹೋದ ವರ್ಷ ಸೀಗಿಹುಣ್ಣಿಮೆಯ ಸಂಜೆ, ನಮ್ಮೂರಿನ ಹೊಸ ಶಾಲೆಯ ಹಿಂಗೋಡೆಗೆ ಬೆನ್ನು ಕೊಟ್ಟು ಕೂತು. ನಾನು ಅವಳ ಮಗ ದ್ಯಾವಪ್ಪ. ಅವಳು ಹೇಳಿದಂತೆಯೇ ನಿಮಗೆ ಬರೆಯುತ್ತಿದ್ದೇನೆ. ನಡುವೆ ನಾನು ಸಿಟ್ಟಿಗೆದ್ದರೆ ಅದು ನನ್ನದು, ಅವಳದಲ್ಲ.

ತಾರೀಖು ಓದಿ ಹುಬ್ಬು ಏರಿಸಬೇಡಿ. ವೈಶಾಖ ಮುಗಿದರೂ ಬಿಸಿಲು ಮುಗಿಯದೆ ಹೋದಾಗ ನಮ್ಮ ಹಿರಿಯರು ಜ್ಯೇಷ್ಠಕ್ಕೆ ಮುಂಚೆ ಒಂದು ತಿಂಗಳನ್ನೇ ಸೇರಿಸಿದರು. ಪಂಚಾಂಗದವರು ಬೈದರು. ಬಿಸಿಲು ಬೈಗುಳಕ್ಕೆ ಬಗ್ಗಲಿಲ್ಲ, ಅದಕ್ಕೆ ಉರಿತಿಂಗಳು ಉಳಿಯಿತು. ಇಂಥ ಇನ್ನೂ ಕೆಲವು ಮಾತು ಈ ಕಾಗದದಲ್ಲಿ ಬರುತ್ತವೆ. ನಿಮ್ಮ ಕಿವಿಗೆ ಒರಟಾದರೆ ಕ್ಷಮೆಯಿರಲಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ.

ನಮ್ಮ ದಿನ ಕೋಳಿ ಕೂಗುವ ಮುಂಚೆ ಶುರುವಾಗುತ್ತದೆ. ರೊಟ್ಟಿ ಬಡಿಯುವುದು, ನೀರು ತುಂಬುವುದು, ಹೊಲದ ಕೆಲಸ ಎಲ್ಲವೂ ಸೂರ್ಯ ನೆತ್ತಿಗೆ ಬರುವ ಮೊದಲೇ ಆಗಬೇಕು. ಆಮೇಲೆ ಮುಚ್ಚುಹೊತ್ತು. ಕದ ಮುಚ್ಚಿ ಒಳಗಿರುವ ಆ ಹೊತ್ತಿನಲ್ಲಿ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಮೇಲ್ನೆಲದ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿದರೆ ಬೆಂದುಹೋಗುತ್ತವೆ. ಅದಕ್ಕೇ ಹಗೇವುಶಾಲೆ. ಹಗೇವು ಎಂದರೆ ನಿಮಗೆ ಗೊತ್ತಿರಬೇಕು, ಜೋಳ ತುಂಬಿಡುತ್ತಿದ್ದ ನೆಲಗುಂಡಿ. ನಿಮ್ಮ ಅಜ್ಜಂದಿರು ಕಾಳು ಇಟ್ಟ ತಂಪಿನಲ್ಲಿ ನಾವು ಮಕ್ಕಳನ್ನು ಇಡುತ್ತೇವೆ. ಅರ್ಧ ಕಟ್ಟಡ ನೆಲದೊಳಗೆ, ಅರ್ಧ ಮೇಲೆ. ಒಳಗೆ ಇಳಿಜಾರಿನಲ್ಲಿ ಇಳಿಯಲು ಒಂದೇ ಬಾಗಿಲು. ಆ ಬಾಗಿಲು ಯಾವ ಕಡೆ ಇರಬೇಕು ಎಂಬುದೇ ಈ ಕಥೆ.

ಬಾಗಿಲು ಏಕೆ ಅಷ್ಟು ದೊಡ್ಡ ಮಾತಾಯಿತು ಎಂದರೆ ನನ್ನ ಅಕ್ಕನ ಮಗಳು ಹೊನ್ನಿಯಿಂದ. ಅವಳಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ಮೂರು ಗಾಲಿಯ ಕುರ್ಚಿಗಾಡಿಯನ್ನು ತನ್ನ ಕೈಯಿಂದಲೇ ತಿರುಗಿಸಿಕೊಂಡು, ಕಲ್ಲು ಹಾಸಿದ ಓಣಿಯಲ್ಲಿ ಗಡಗಡ ಸದ್ದು ಮಾಡುತ್ತ ಹಳೆಯ ಶಾಲೆಗೆ ಹೋಗುತ್ತಿದ್ದಳು. ಯಾರಾದರೂ ಹಿಂದಿನಿಂದ ತಳ್ಳಲು ಬಂದರೆ ತಿರುಗಿ ನೋಡುತ್ತಿದ್ದಳು. ಆ ನೋಟಕ್ಕೆ ಹೆಡ್‌ಮಾಸ್ತರರೂ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದರು. ಹೊಸ ಶಾಲೆಯ ಜಾಗ ಊರಿನ ಬೆನ್ನಿಗೇ ಇದೆ. ಬಾಗಿಲು ಊರಿನ ಕಡೆ ಇದ್ದರೆ ಕಲ್ಲಿನ ಓಣಿ ನೇರ ಬಾಗಿಲಿಗೇ ಮುಟ್ಟುತ್ತದೆ. ಹೆದ್ದಾರಿಯ ಕಡೆ ಇದ್ದರೆ ಎರೆಹೊಲ ಸುತ್ತಿ ಹೋಗಬೇಕು. ಆ ಕಪ್ಪು ಎರೆಮಣ್ಣು ನಾಲ್ಕು ಹನಿ ಬಿದ್ದರೆ ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಅದು ನಿಮ್ಮ ಕಾಲದಲ್ಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ.

ನಕ್ಷೆ ಮಾಡಿದವರು ಬಾಗಿಲನ್ನು ಹೆದ್ದಾರಿಯ ಕಡೆ ಇಟ್ಟರು. ಸಾಮಾನು ತರುವ ಬಂಡಿ ನೇರ ಬಂದು ನಿಲ್ಲಲಿ ಅಂತ. ಬಂಡಿ ಬರುವುದು ತಿಂಗಳಿಗೊಮ್ಮೆ, ಮಕ್ಕಳು ಬರುವುದು ದಿನಾ. ಇದನ್ನು ಹೇಳಲು ಒಂದು ಬಾಯಿ ಸಾಕಿತ್ತು. ನಮ್ಮೂರಲ್ಲಿ ಬಾಯಿಗೇನೂ ಬರವಿಲ್ಲ.

ಜನರನ್ನು ಕೇಳದೆ ಸರ್ಕಾರಿ ಶಾಲೆ ಕಟ್ಟಬಾರದು ಎಂಬ ಕಾನೂನು ನಮಗಿದೆ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಹೋರಾಡಿ ಮಾಡಿಸಿದ್ದು. ಅದಕ್ಕಾಗಿ ಅವರಿಗೆ ಕೈ ಮುಗಿಯುತ್ತೇವೆ. ಆದರೆ ಅವರು ‘ಕೇಳಬೇಕು’ ಅಂತಷ್ಟೇ ಬರೆದಿಟ್ಟು ಹೋದರು. ನಮ್ಮ ನುಡಿಯಲ್ಲಿ ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಬಂದ ಸರ್ಕಾರಗಳು ತಮಗೆ ಹಗುರವಾದದ್ದನ್ನು ಆರಿಸಿಕೊಂಡವು. ಊರೂರಿನ ಕಟ್ಟೆಯ ಮೇಲೆ ಕಿವಿಗಂಬ ನೆಟ್ಟವು. ಅದು ಮಾತಾಡುವ ಕಂಬ. ಯೋಜನೆಯನ್ನು ಊರಿಗೆ ಓದಿ ಹೇಳುತ್ತದೆ, ಊರು ಅಂದದ್ದನ್ನು ಜಿಲ್ಲೆಗೆ ಮುಟ್ಟಿಸುತ್ತದೆ. ಇದಕ್ಕೆ ಕೇಳಿಕೆ ಎಂದು ಹೆಸರು. ಒಂದು ಶಾಲೆಗೆ ಮೂರು ಕೇಳಿಕೆ ಆಗಬೇಕು.

ಮೊದಲ ಕೇಳಿಕೆಗೆ ಊರೆಲ್ಲ ಸೇರಿತು. ಕಂಬದ ಮಾತು ಬಹಳ ಚೆಂದ. ಒಂದು ಮಾತು ಹೇಳಿ ಸ್ವಲ್ಪ ತಡೆಯುತ್ತದೆ, ಥೇಟ್ ಕಥೆ ಹೇಳುವವರ ಹಾಗೆ. ನಮ್ಮೂರಲ್ಲಿ ಕಥೆ ಹೇಳುವವರು ತಡೆದರೆ ಕೇಳುವವರು ‘ಹೂಂ’ ಅನ್ನಬೇಕು. ಅನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ, ಹೇಳುವವರಿಗೆ ಅವಮಾನ. ಹೂಂ ಎಂದರೆ ಕಿವಿ ಇಲ್ಲೇ ಇದೆ, ಹೇಳು ಎಂದರ್ಥ. ರಾಕ್ಷಸ ರಾಜಕುಮಾರಿಯನ್ನು ನುಂಗಿದ ಅಂದರೂ ನಾವು ಹೂಂ ಅನ್ನುತ್ತೇವೆ. ನುಂಗಿದ್ದು ಸರಿ ಅಂತಲ್ಲ.

“ಶಾಲೆಯ ಛಾವಣಿ ಮಣ್ಣಿನದು,” ಅಂದಿತು ಕಂಬ.

“ಹೂಂ,” ಅಂದಿತು ಊರು.

“ನೀರಿನ ತೊಟ್ಟಿ ಎಡಭಾಗದಲ್ಲಿದೆ.”

“ಹೂಂ.”

“ಬಾಗಿಲು ಹೆದ್ದಾರಿಯ ಕಡೆಗಿದೆ.”

“ಹೂಂ.”

ಕೊನೆಗೆ ನಾವು ನಮ್ಮ ಮಾತು ಹೇಳಬೇಕೆಂದು ಕಾದು ಕೂತಿದ್ದೆವು. ಕಥೆ ಮುಗಿದ ಮೇಲಲ್ಲವೇ ತಕರಾರು. ಕಂಬ ಹೇಳಿತು: “ಮೊದಲ ಕೇಳಿಕೆ ಮುಗಿಯಿತು. ಎಲ್ಲ ಅಂಶಗಳಿಗೂ ಊರಿನ ಒಪ್ಪಿಗೆ ದೊರೆತಿದೆ. ಧನ್ಯವಾದಗಳು.” ಅದರ ಬೆಳಕು ಆರಿತು.

“ಯಾರು ಒಪ್ಪಿದ್ರಲೇ?” ಅಂದಳು ನಮ್ಮವ್ವ.

ಶಾಲಾ ಸಮಿತಿಯ ಹಿರಿಯ ಸಂಗನಬಸಪ್ಪ ಎದ್ದು ನಿಂತು, “ತಪ್ಪು ನಮ್ಮ ಬಾಯೀದು. ಎರಡನೇ ಸಲ ಯಾರೂ ತುಟಿ ಪಿಟಕ್ ಅನಬಾರ್ದು,” ಎಂದು ಅಪ್ಪಣೆ ಮಾಡಿದ. ಎರಡನೆಯ ಕೇಳಿಕೆಯಲ್ಲಿ ಊರು ಕಲ್ಲಾಗಿ ಕೂತಿತು. ಮಕ್ಕಳ ಬಾಯಿಗೆ ಬೆಲ್ಲದ ಉಂಡೆ ತುರುಕಿದ್ದೆವು. ಕಂಬ ಹೇಳಿತು, ತಡೆಯಿತು, ಹೇಳಿತು, ತಡೆಯಿತು. ಹೂಂ ಅನ್ನದೆ ಇರುವುದು ನಮಗೆ ಸೀನು ತಡೆದಷ್ಟೇ ಕಷ್ಟವಾಯಿತು. ಕೊನೆಗೆ ಕಂಬ, “ಮೌನಂ ಸಮ್ಮತಿ ಲಕ್ಷಣಂ. ಊರಿನ ಒಪ್ಪಿಗೆ ದೊರೆತಿದೆ,” ಅಂದಿತು.

“ಅಂದ್ರೂ ಹೂಂ, ಅನ್ನದಿದ್ರೂ ಹೂಂ,” ಅಂದಳು ಅವ್ವ. “ಇದರ ಕೂಡ ಸಂಸಾರ ಮಾಡೂದು ಹೆಂಗೋ ಸಂಗನಬಸು?”

“ನಿನ್ನ ಗಂಡ ಮಾಡ್ಲಿಲ್ಲೇನಬೇ ನಿನ್ನ ಕೂಡ,” ಅಂದ ಸಂಗನಬಸಪ್ಪ. ಆ ದಿನ ನಕ್ಕೆವು. ಶಾಲೆ ಎದ್ದ ಮೇಲೆ ನಗುವುದಕ್ಕೆ ಬಹಳ ಕಾಲ ಆಗಲಿಲ್ಲ.

ಮೂರನೆಯ ಕೇಳಿಕೆಗೆ ಗಟ್ಟಿ ಮನಸ್ಸು ಮಾಡಿ ಹೋದೆವು. ಕಂಬ ಬಾಗಿಲಿನ ಮಾತಿಗೆ ಬರುತ್ತಲೇ ಹೆಣ್ಣು ಗಂಡು ಮುದುಕರು ಮಕ್ಕಳು ಒಟ್ಟಿಗೆ, “ಒಲ್ಲೆ, ಒಲ್ಲೆ, ನಾ ಒಲ್ಲೆ,” ಎಂದು ಕೂಗಿದೆವು. ಹೊನ್ನಿ ಎಲ್ಲರಿಗಿಂತ ಜೋರಾಗಿ ಕೂಗಿದಳು. ಕಂಬ, “ನಿಮ್ಮ ಮಾತು ದಾಖಲಾಗಿದೆ. ಊರಿನ ಉತ್ಸಾಹಕ್ಕೆ ವಂದನೆಗಳು,” ಎಂದಿತು. ಗೆದ್ದೆವು ಅಂದುಕೊಂಡೆವು. ಮನೆಮನೆಯಲ್ಲಿ ಸಿಹಿ ಮಾದಲಿ ಮಾಡಿ ಉಂಡೆವು.

ಕಟ್ಟುವ ಯಂತ್ರಗಳು ಬಂದವು. ಗೋಡೆ ಎದ್ದಿತು. ಊರಿನ ಕಡೆಗೆ ಬೋಳು ಗೋಡೆ, ಬಾಗಿಲು ಹೆದ್ದಾರಿಯ ಕಡೆ. ಶಾಲೆ ತೆರೆಯುವ ದಿನ ಜಿಲ್ಲೆಯಿಂದ ಯೋಜನೆಯ ಅಧಿಕಾರಿ ಸುಹಾಸಿನಿ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು, ಕರಾವಳಿಯ ಕಡೆಯವರು. ನಮ್ಮವ್ವನ ಕೈ ಹಿಡಿದು, “ನಿಮ್ಮೂರಿನಷ್ಟು ಖುಷಿಯಿಂದ ಒಪ್ಪಿದ ಊರನ್ನು ನಾನು ನೋಡಿಲ್ಲಮ್ಮ,” ಅಂದರು.

“ಒಲ್ಲೆ ಅಂದಿದ್ವಿ ತಾಯಿ,” ಅಂದಳು ಅವ್ವ.

“ಹೌದಮ್ಮ, ಒಳ್ಳೆ ಅಂದಿದ್ದೀರಿ. ಇಡೀ ಊರು ‘ಒಳ್ಳೆ, ಒಳ್ಳೆ’ ಅಂತ ಕೂಗಿದೆ ಅಂತ ಕಂಬದ ವರದಿಯಲ್ಲಿದೆ.”

ಅವ್ವ ಕೈ ಬಿಡಿಸಿಕೊಂಡಳು. “ಯವ್ವಾ, ಒಳ್ಳೆ ಅಲ್ಲ. ಒಲ್ಲೆ. ಬ್ಯಾಡ ಅಂತ.”

ಮೇಡಂ ಮುಖ ಬಿಳಿಚಿತು. ಕಂಬಕ್ಕೆ ಮಾತು ಕಲಿಸಿದವರು ಯಾರೋ ನಮ್ಮ ಸೀಮೆಯ ಮಾತು ಕಲಿಸಿರಲಿಲ್ಲ. “ಆದರೆ ಈಗ ನಾನೇನೂ ಮಾಡಲಿಕ್ಕೆ ಬರುವುದಿಲ್ಲಮ್ಮ,” ಅಂದರು, “ನಾಲ್ಕನೇ ಕೇಳಿಕೆಗೆ ಕಾನೂನಿನಲ್ಲಿ ಜಾಗ ಇಲ್ಲ.” ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಆದರೆ ಹಿರಿಯರೇ, ಕಣ್ಣೀರಿನಿಂದ ಬಾಗಿಲು ತಿರುಗುವುದಿಲ್ಲ.

ಅವತ್ತಿನಿಂದ ಹೊನ್ನಿಯನ್ನು ನಾನು ಹೆಗಲ ಮೇಲೆ ಹೊತ್ತು ಎರೆಹೊಲ ದಾಟಿಸಿದೆ. ಮಳೆ ಬಂದ ದಿನ ಕಾಲಿಗೆ ಮಣ್ಣು ಮೆತ್ತಿ ಇಬ್ಬರೂ ಬಿದ್ದೆವು. ಅವಳು ಅಳಲಿಲ್ಲ. “ಮಾಮಾ, ನಾ ಏನ್ ಜ್ವಾಳದ ಚೀಲ ಏನು?” ಎಂದು ಕೇಳಿದಳು. ನಾನು ಅವಳ ಕಾಲಿನ ಮಣ್ಣು ಒರೆಸಿ ಮತ್ತೆ ಹೆಗಲಿಗೆ ಎತ್ತಿಕೊಂಡೆ. ಭಾದ್ರಪದದ ಮಳೆ ಹಿಡಿದ ಮೇಲೆ ಅವಳು ಶಾಲೆಯ ಮಾತನ್ನೇ ಬಿಟ್ಟಳು. ಕುರ್ಚಿಗಾಡಿಯಲ್ಲಿ ಓಣಿಯ ತುದಿಯವರೆಗೆ ಹೋಗಿ, ಆ ಬೋಳು ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಆಚೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಇವಳು ಈಚೆಯಿಂದ ಹೇಳುತ್ತಿದ್ದಳು.

ನಿಮ್ಮ ಕಾಲದಲ್ಲಿ ಕಂಬವಿಲ್ಲ, ಮನುಷ್ಯರು ಬರುತ್ತಾರೆ. ಗೋಡೆಗೆ ನಕ್ಷೆ ಅಂಟಿಸುತ್ತಾರೆ, ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಯವರನ್ನು ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ಹೊತ್ತಾಯಿತು ಅನ್ನುತ್ತಾರೆ. ನೀವು ಕಥೆ ಕೇಳಿದ ಹಾಗೆ ತಲೆಯಾಡಿಸುತ್ತೀರಿ. ಮನೆಗೆ ಹೋಗುವ ದಾರಿಯಲ್ಲಿ, “ಶೌಚಾಲಯ ಅಲ್ಲಿ ಬ್ಯಾಡಾಗಿತ್ತು ನೋಡು,” ಅನ್ನುತ್ತೀರಿ. ದಾರಿಗೆ ಹೇಳಿ ಏನು ಬಂತು? ಕಂಬಕ್ಕೆ ತಲೆಯಾಡಿಸುವುದೇ ಒಪ್ಪಿಗೆ ಎಂದು ಕಲಿಸಿದವರು ನೀವೇ ಎಂದು ನನಗೆ ಬಹಳ ಸಲ ಅನ್ನಿಸುತ್ತದೆ. ನಿಮ್ಮನ್ನು ಬೈಯಲು ನನಗೆ ವಯಸ್ಸು ಸಾಲದು, ನಾನಿನ್ನೂ ಹುಟ್ಟಬೇಕು. ಆದರೂ ಒಂದು ಬೇಡಿಕೆ. ನಕ್ಷೆ ತಂದವರನ್ನು ಕೂರಿಸಿ, ಬಾಗಿಲು ಎಲ್ಲಿ, ಯಾರಿಗಾಗಿ ಅಲ್ಲಿ, ಎಂದು ಕೇಳಿ. ಬೇಡವಾದದ್ದನ್ನು ಅವರ ಮುಖ ನೋಡಿ, ಅವರಿಗೆ ತಿಳಿಯುವ ಮಾತಿನಲ್ಲಿ ಬೇಡ ಅನ್ನಿ. ಅವರು ತಿರುಗಿ ‘ಬೇಡ’ ಎಂದು ಹೇಳುವವರೆಗೆ ಚಹಾ ಮುಟ್ಟಬೇಡಿ.

ಅವ್ವ ಸೀಗಿಹುಣ್ಣಿಮೆಯ ಸಂಜೆ ಊರವರನ್ನು ಆ ಗೋಡೆಯ ಬುಡಕ್ಕೆ ಕರೆದು ಇಷ್ಟನ್ನೂ ಕಥೆಯಾಗಿ ಹೇಳಿದಳು. ಶುರುವಿನಲ್ಲೇ, “ಇವತ್ತು ಯಾರೂ ಹೂಂ ಅನಬ್ಯಾಡ್ರಿ, ನಿಮ್ಮ ಹೂಂ ಇಟಗೊಂಡಿರ್ರಿ, ಕೆಲಸಕ್ಕ ಬರ್ತೈತಿ,” ಅಂದಿದ್ದಳು. ಕಥೆ ಗೋಡೆಯವರೆಗೆ ಬಂದು ನಿಂತಿತು. ಮುಂದೇನು ಎಂದು ಯಾರೋ ಕೇಳಿದರು. “ಮುಂದಿಂದು ನನಗೂ ಗೊತ್ತಿಲ್ಲ,” ಎಂದು ಅವ್ವ ಎದ್ದು ಮನೆಗೆ ಹೋದಳು.

ಮರುದಿನ ಬೆಳಗ್ಗೆ ಕಥೆ ಕೇಳಿದವರೆಲ್ಲ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಗೋಡೆಯ ಮುಂದೆ ಬಂದರು. ಸಂಗನಬಸಪ್ಪ ಸುಣ್ಣದ ಉಂಡೆಯನ್ನು ಹೊನ್ನಿಯ ಕೈಗೆ ಕೊಟ್ಟ. ಅವಳು ಕುರ್ಚಿಗಾಡಿಯಲ್ಲಿ ಕೂತೇ, ತನ್ನ ಗಾಲಿಗಳಿಗೆ ಎಷ್ಟು ಅಗಲ ಬೇಕೋ ಅಷ್ಟಕ್ಕೆ ಗೋಡೆಯ ಮೇಲೆ ಎರಡು ಗೆರೆ ಎಳೆದಳು. ಹಾರೆಯ ಸದ್ದಿಗೆ ಕಟ್ಟೆಯ ಮೇಲಿನ ಕಂಬ ಎಚ್ಚರವಾಯಿತು.

“ಊರಿನ ಕಡೆ ಬಾಗಿಲು ತೆರೆಯಲಾಗುತ್ತಿದೆಯೇ?” ಎಂದು ಕೇಳಿತು.

“ಹೂಂ,” ಅಂದಿತು ಊರು.

“ಇದಕ್ಕೆ ಊರಿನ ಒಪ್ಪಿಗೆ ಇದೆಯೇ?”

“ಹೂಂ,” ಅಂದೆವು, ಮಣ್ಣು ತುಂಬಿದ ಬುಟ್ಟಿ ಎತ್ತುತ್ತ.